ಅಮೆರಿಕದ ಮನೆಯಲ್ಲಿ ಎಷ್ಟು ಗನ್ ಇಟ್ಟುಕೊಳ್ಳಬೇಕು? ಇಲ್ಲಿರುವ ಕನ್ನಡಿಗರಿಗೆ ಒಂದಿಷ್ಟು ಮಾತು

ಗ್ರೀನ್ ಕಾರ್ಡ್ ಕೈಗೆ ಬಂತು, ಸ್ವಂತ ಮನೆಯೂ ಆಯ್ತು ಅಂದಮೇಲೆ ಅಮೆರಿಕದಲ್ಲಿರುವ ನಮ್ಮ ಜನರಲ್ಲಿ ಈ ಮಾತು ಬಂದೇ ಬರುತ್ತದೆ: ಒಂದು ಗನ್ ತಗೊಳ್ಳೋಣವಾ? ತಗೊಂಡವರ ಮುಂದಿನ ಪ್ರಶ್ನೆ, ಇನ್ನೊಂದು ಬೇಕಾ? ಮೊದಲು ಮನೆಯ ರಕ್ಷಣೆಗೆ ಅಂತ ಒಂದು ಪಿಸ್ತೂಲು. ಆಮೇಲೆ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಹೋಗಲು ಒಂದು. ನಂತರ ಗೆಳೆಯರು ಜಿಂಕೆ ಬೇಟೆಗೆ ಕರೆದರು ಅಂತ ಒಂದು ರೈಫಲ್. ಹಬ್ಬದ ಸೇಲ್ ಬಂದಾಗ ಮತ್ತೊಂದು. ಹೀಗೆ ಯಾರೂ ಕೂತು ಲೆಕ್ಕ ಹಾಕದೆಯೇ ಸಂಖ್ಯೆ ಬೆಳೆಯುತ್ತದೆ. ಕೂತು ಲೆಕ್ಕ ಹಾಕಬೇಕು ಅನ್ನುವುದೇ ನನ್ನ ಮಾತು.

ಭಾರತದಲ್ಲಿ ಈ ಲೆಕ್ಕವನ್ನು ಕಾನೂನೇ ಮಾಡಿಕೊಡುತ್ತದೆ. ಲೈಸೆನ್ಸ್ ಇದ್ದವರು ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದ ಕೊಡಗಿನವರಿಗೆ, ಮಲೆನಾಡಿನವರಿಗೆ ಇದು ಗೊತ್ತಿರುವ ವಿಷಯ. ಅಮೆರಿಕದ ಫೆಡರಲ್ ಕಾನೂನಿನಲ್ಲಿ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನಲ್ಲಿ, ಇಂಥ ಮಿತಿಯೇ ಇಲ್ಲ. ಸಂವಿಧಾನದ 1791ರ ಎರಡನೇ ತಿದ್ದುಪಡಿ ಗನ್ ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಡುವುದು ವೈಯಕ್ತಿಕ ಹಕ್ಕು ಎಂದು 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಎಷ್ಟು ಸಾಕು ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಒಂದೊಂದು ಗನ್ನಿಗೂ ನೀವೇ ಉತ್ತರ ಕೊಡುವಂತಿರಬೇಕು. ಅದು ಈಗ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ, ನಾಳೆ ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಅದರ ಗತಿ ಏನು? ಈ ಮೂರಕ್ಕೂ ಥಟ್ಟನೆ ಉತ್ತರ ಬರುವಷ್ಟು ಗನ್ ಇದ್ದರೆ ಸರಿ. ಅದಕ್ಕಿಂತ ಒಂದೂ ಜಾಸ್ತಿ ಬೇಡ.

ಮೊದಲಿಗೆ, ನಮ್ಮಲ್ಲಿ ತುಂಬಾ ಜನರ ಲೆಕ್ಕ ಸೊನ್ನೆಯಲ್ಲೇ ನಿಲ್ಲಬೇಕು. ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2 ಇವೆಲ್ಲ ವಲಸೆಯೇತರ ವೀಸಾಗಳು, ಅಂದರೆ ಕೆಲಸ, ಓದು, ಭೇಟಿ ಎಂದು ತಾತ್ಕಾಲಿಕವಾಗಿ ಬರುವವರಿಗೂ ಅವರ ಮನೆಯವರಿಗೂ ಕೊಡುವಂಥವು. ಇವುಗಳಲ್ಲಿ ಬಂದವರು ಗನ್ ಆಗಲಿ, ತೋಟಾ ಆಗಲಿ ಹತ್ತಿರ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಒಂದು ವಿನಾಯಿತಿ ಉಂಟು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಆಗಬಹುದು. ಈ ದಾರಿ ಹಿಡಿದ ಎಚ್-1ಬಿಯವರು ಇದ್ದಾರೆ. ಆದರೆ ಆ ಲೈಸೆನ್ಸಿಗೆ ಅವಧಿ ಇರುತ್ತದೆ. ಅದು ಮುಗಿದ ಮರುದಿನ ನಿಮ್ಮ ಕಪಾಟಿನಲ್ಲಿರುವ ರೈಫಲ್ಲೇ ಅಪರಾಧವಾಗುತ್ತದೆ. ನವೀಕರಣ ಮರೆತೆ ಅನ್ನುವುದು ಡ್ರೈವಿಂಗ್ ಲೈಸೆನ್ಸಿನ ವಿಷಯದಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರು ಒಂದು ಹವ್ಯಾಸಕ್ಕಾಗಿ ಈ ಅಪಾಯ ತಗೊಳ್ಳಬಾರದು ಎಂದು ನನಗೆ ಖಂಡಿತ ಅನ್ನಿಸುತ್ತದೆ. ಗ್ರೀನ್ ಕಾರ್ಡಿನ ಅರ್ಜಿ ಐ-485 ಹಾಕಿ ಕೆಲಸದ ಪರ್ಮಿಟ್ ಬಂತು ಅಂದರೆ ಗ್ರೀನ್ ಕಾರ್ಡ್ ಬಂದ ಹಾಗಲ್ಲ, ಅದೂ ನೆನಪಿರಲಿ.

'ನಾನು ಕೊಳ್ಳುವುದಿಲ್ಲ, ಸುಮ್ನೆ ಆಫೀಸಿನವರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಗನ್ನಿನಲ್ಲಿ ನಾಲ್ಕು ಗುಂಡು ಹಾರಿಸಿ ಬರ್ತೀನಿ' ಅನ್ನುವವರು ಬಹಳ. ಕಾನೂನಿನ ಕಣ್ಣಿಗೆ ಕೈಯಲ್ಲಿ ಹಿಡಿದರೂ ಅದು ಹತ್ತಿರ ಇಟ್ಟುಕೊಂಡ ಹಾಗೆಯೇ. ಫ್ಲೋರಿಡಾದ ರೆಹೈಫ್ ಪ್ರಕರಣ ಇದಕ್ಕೆ ಸಾಕ್ಷಿ. ಆತ ವಿದ್ಯಾರ್ಥಿ ವೀಸಾದಲ್ಲಿ ಬಂದವನು. ಮಾರ್ಕ್ಸ್ ಬರಲಿಲ್ಲವೆಂದು ಕಾಲೇಜಿನಿಂದ ಹೊರಬಿದ್ದು ಸ್ಟೇಟಸ್, ಅಂದರೆ ಇಲ್ಲಿ ಕಾನೂನುಬದ್ಧವಾಗಿ ಇರುವ ಅರ್ಹತೆ, ಕಳೆದುಕೊಂಡಿದ್ದ. ಆಮೇಲೆ ರೇಂಜಿಗೆ ಹೋಗಿ ಗುಂಡು ಹಾರಿಸಿದ್ದಕ್ಕೆ ಕೇಸು ಬಿತ್ತು, ಶಿಕ್ಷೆಯಾಯಿತು, 2019ರಲ್ಲಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನ್ನ ಸ್ಟೇಟಸ್ ಏನೆಂದು ಆತನಿಗೆ ಗೊತ್ತಿತ್ತು ಎನ್ನುವುದನ್ನು ಸರ್ಕಾರ ರುಜುವಾತು ಮಾಡಬೇಕು ಎಂದು ಕೋರ್ಟ್ ಹೇಳಿತು. ಎಚ್-1ಬಿಯಲ್ಲಿರುವ ನಿಮಗೆ ನಿಮ್ಮ ವೀಸಾ ಯಾವುದೆಂದು ಗೊತ್ತಿಲ್ಲ ಎಂದು ಯಾರು ನಂಬುತ್ತಾರೆ, ಅಲ್ವಾ?

ಇದು ಮನೆಯೊಳಗಿನ ಸಂಖ್ಯೆಗೂ ತಟ್ಟುತ್ತದೆ. ನೀವು ಗ್ರೀನ್ ಕಾರ್ಡಿನವರು ಅಥವಾ ಸಿಟಿಜನ್. ಊರಿನಿಂದ ಅಪ್ಪ ಅಮ್ಮ ಬಿ-2ನಲ್ಲಿ ಆರು ತಿಂಗಳಿಗೆ ಬಂದಿದ್ದಾರೆ. ಸೇಫಿನ ಬೀಗದ ಕೈ ದೇವರ ಮನೆಯ ಡಬ್ಬಿಯಲ್ಲಿದೆ, ಅಮ್ಮನಿಗೂ ಗೊತ್ತು. ನೀವು ಆಫೀಸಿಗೆ ಹೋದಾಗ ಆ ಗನ್ ಯಾರ ವಶದಲ್ಲಿದೆ? ಇಂಥ ಪ್ರಶ್ನೆ ಏಳಲೇಬಾರದು. ಬೀಗದ ಕೈ ಅಥವಾ ನಂಬರ್ ನಿಮ್ಮೊಬ್ಬರಿಗೇ ಗೊತ್ತಿರಲಿ. ಎಲ್ಲ ಗನ್ನೂ, ತೋಟಾಗಳೂ ಒಂದೇ ಬೀಗದೊಳಗೆ ಹೋಗುವಷ್ಟೇ ಇರಲಿ. ಮಲಗುವ ಕೋಣೆಯಲ್ಲೊಂದು, ಗ್ಯಾರೇಜಿನಲ್ಲೊಂದು ಎಂದು ಹಂಚಿ ಹೋದರೆ ಕಾಯುವುದು ಕಷ್ಟ.

ಕೊಳ್ಳುವ ದಾರಿ ಸಲೀಸು. ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲಿ 4473 ಎನ್ನುವ ಫಾರಂ ತುಂಬಬೇಕು, ಅವರು ಎಫ್‌ಬಿಐನ ನಿಕ್ಸ್ ವ್ಯವಸ್ಥೆಯಲ್ಲಿ ಅಥವಾ ರಾಜ್ಯದ ಮೂಲಕ ನಿಮ್ಮ ಹಿನ್ನೆಲೆ ನೋಡುತ್ತಾರೆ. ಡೀಲರ್ ಹತ್ತಿರ ರೈಫಲ್, ಶಾಟ್‌ಗನ್ನಿಗೆ 18, ಪಿಸ್ತೂಲಿಗೆ 21 ವರ್ಷ ಆಗಿರಬೇಕು. ಆದರೆ ಆ ಫಾರಂನಲ್ಲಿ ನಮ್ಮವರು ಎಡವುವ ಜಾಗಗಳಿವೆ. ಪೌರತ್ವದ ಸಾಲಿನಲ್ಲಿ ಗ್ರೀನ್ ಕಾರ್ಡಿನವರು ಅವಸರದಲ್ಲಿ ಅಮೆರಿಕ ಎಂದು ಟಿಕ್ ಮಾಡಿಬಿಟ್ಟರೆ ಅದು ಬರೀ ತಪ್ಪು ಉತ್ತರವಲ್ಲ. ಸುಳ್ಳು ಪೌರತ್ವ ಹೇಳಿಕೊಂಡ ಆರೋಪ ಬರಬಹುದು, ಗ್ರೀನ್ ಕಾರ್ಡಿಗೇ ಕುತ್ತು. ಅಲ್ಲಿ ಭಾರತ ಎಂದು ಬರೆದು, ಕಾರ್ಡಿನಲ್ಲಿರುವ ಯುಎಸ್‌ಸಿಐಎಸ್ (ವಲಸೆ ಇಲಾಖೆ) ನಂಬರನ್ನು ಅದರ ಜಾಗದಲ್ಲಿ ಹಾಕಬೇಕು. ಇನ್ನೊಂದು ವಿಳಾಸ. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸವೇ ಇದ್ದರೆ, ಈಗಿನ ವಿಳಾಸ ಇರುವ ಬೇರೊಂದು ಸರ್ಕಾರಿ ಕಾಗದ ಬೇಕು, ಕಾರಿನ ನೋಂದಣಿ ಪತ್ರದಂಥದ್ದು. ಮತ್ತೊಂದು ಗಾಂಜಾ. ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗಬಹುದು. ಆದರೆ ರಾಜ್ಯದ ಕಾನೂನು ಏನೇ ಹೇಳಲಿ, ಫೆಡರಲ್ ಕಾನೂನಿನ ಪ್ರಕಾರವೇ ಉತ್ತರಿಸಬೇಕು ಎಂದು ಫಾರಂನಲ್ಲೇ ಎಚ್ಚರಿಕೆ ಇದೆ. ಕೊನೆಯದಾಗಿ, ವೀಸಾದಲ್ಲಿರುವ ಗೆಳೆಯನಿಗಾಗಿ ನಿಮ್ಮ ಹೆಸರಿನಲ್ಲಿ ಕೊಳ್ಳಬೇಡಿ. ದುಡ್ಡು ಅವನದು, ಸಹಿ ನಿಮ್ಮದು ಅಂದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಗನ್ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡಿನವರನ್ನು ಗಡೀಪಾರು ಮಾಡಲು ಅದೊಂದೇ ಕಾರಣ ಸಾಕು.

ಈಗ ಸಂಖ್ಯೆಗೆ ಬರೋಣ. ಒಂದೊಂದು ಗನ್ನಿಗೂ ಒಂದು ಕೆಲಸ ಹೇಳಿ. ಮನೆಯ ರಕ್ಷಣೆ ಒಂದು ಕೆಲಸ. ಗುರಿ ಅಭ್ಯಾಸ ಇನ್ನೊಂದು. ಅದಕ್ಕೆ .22 ರೈಫಲ್ ಒಳ್ಳೆಯದು, ತೋಟಾ ಅಗ್ಗ, ಒದೆತ ಕಡಿಮೆ, ಹೊಸಬರು ಹೆದರುವುದಿಲ್ಲ. ಬೇಟೆಗೆ ಹೋಗುವವರಿಗೆ ಮಾತ್ರ ಮೂರನೆಯದು: ಹಕ್ಕಿಗೆ ಶಾಟ್‌ಗನ್, ಜಿಂಕೆಗೆ ರೈಫಲ್. ಒಂದೇ ಕೆಲಸಕ್ಕೆ ಎರಡು ಬಂದರೆ ಅಲ್ಲಿ ನಿಲ್ಲಿ. ಮೊದಲನೆಯದನ್ನು ಹಿಡಿದು ಅಭ್ಯಾಸ ಮಾಡಿದವರಿಗೇ ಎರಡನೆಯದು ಯಾಕೆ ಬೇಕು ಎಂದು ಗೊತ್ತಾಗುವುದು. ಹೊಸದಾಗಿ ಶುರು ಮಾಡುವ ಮನೆಗೆ ಒಂದು ವರ್ಷ ಒಂದೇ ಸಾಕು. ಮುಂದಿನದರ ದುಡ್ಡನ್ನು ತರಬೇತಿಗೆ, ತೋಟಾಕ್ಕೆ, ಸೇಫಿಗೆ ಹಾಕಿ. ಬೇಟೆಯೂ ಇಲ್ಲ, ಸಂಗ್ರಹದ ಹುಚ್ಚೂ ಇಲ್ಲ ಅನ್ನುವ ಮನೆಗೆ ಎರಡೇ ಸಾಕು, ಮೂರನೆಯದಕ್ಕೆ ಬಲವಾದ ಕಾರಣ ಬೇಕು.

ಅವಸರದಲ್ಲಿ ಎರಡು ಪಿಸ್ತೂಲು ಒಟ್ಟಿಗೆ ತಗೊಂಡರೆ ಏನಾಗುತ್ತದೆ? ಒಬ್ಬನೇ ಡೀಲರ್ ಹತ್ತಿರ ಐದು ಕೆಲಸದ ದಿನಗಳೊಳಗೆ ಎರಡು ಅಥವಾ ಹೆಚ್ಚು ಪಿಸ್ತೂಲು ಕೊಂಡರೆ ಡೀಲರ್ ಅದನ್ನು ಗನ್ ವ್ಯವಹಾರ ನೋಡಿಕೊಳ್ಳುವ ಫೆಡರಲ್ ಇಲಾಖೆಯಾದ ಎಟಿಎಫ್‌ಗೆ ವರದಿ ಮಾಡಬೇಕು. ಅದು ಅಪರಾಧವಲ್ಲ, ಹೆದರಬೇಕಿಲ್ಲ. ಹೀಗೊಂದು ವರದಿ ಹೋಗುತ್ತದೆ ಎಂದು ತಿಳಿದಿದ್ದರೆ ಸಾಕು.

ನಮ್ಮವರಿಗೆ ನಿಜವಾಗಿ ತಲೆನೋವಾಗುವುದು ರಾಜ್ಯ ಬದಲಾವಣೆ. ಟೆಕ್ಸಾಸಿನಲ್ಲಿ ಲೈಸೆನ್ಸೇ ಇಲ್ಲದೆ ಆರಾಮಾಗಿ ಐದಾರು ಗನ್ ಸೇರಿಸಿದ್ದೀರಿ. ನಂತರ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಳ್ಳೆಯ ಆಫರ್ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಬಗೆಯ ರೈಫಲ್‌ಗಳಿಗೆ ನಿಷೇಧ ಇದೆ. ಉಳಿದವನ್ನು ಅಲ್ಲಿಗೆ ಹೋದ 60 ದಿನದೊಳಗೆ ರಾಜ್ಯಕ್ಕೆ ತಿಳಿಸಬೇಕು. ಇಲಿನಾಯ್‌ಗೆ ಹೋದರೆ ಗನ್ ಇಟ್ಟುಕೊಳ್ಳಲು ರಾಜ್ಯ ಕೊಡುವ ಫಾಯ್ಡ್ ಕಾರ್ಡ್ ಬೇಕು. ನ್ಯೂಜೆರ್ಸಿಯಲ್ಲಿ ಕೊಳ್ಳುವ ಒಂದೊಂದು ಪಿಸ್ತೂಲಿಗೂ ಬೇರೆ ಬೇರೆ ಪರ್ಮಿಟ್. ನ್ಯೂಯಾರ್ಕ್‌ನಲ್ಲಿ ಪಿಸ್ತೂಲು ಮನೆಯಲ್ಲಿಡಲೂ ಲೈಸೆನ್ಸ್ ಬೇಕು. ಒಂದೆರಡು ಇದ್ದರೆ ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸ ಇದು. ಎಂಟು ಹತ್ತು ಇದ್ದರೆ ಒಂದೊಂದರ ಮಾಡೆಲ್ ಹಿಡಿದು ನೋಡಬೇಕು, ಆಗದ್ದನ್ನು ಹೊರಡುವ ಮುಂಚೆಯೇ ಮಾರಬೇಕು. ಐಟಿಯಲ್ಲಿರುವವರು ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಾಯಿಸುವವರು. ಸಂಖ್ಯೆ ಕಡಿಮೆ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸೇಫಿನ ವಿಷಯದಲ್ಲಿ ಕಂಪನಿಯವರು ಬರೆದ ಸಂಖ್ಯೆ ನಂಬಬೇಡಿ. 24 ಗನ್ ಹಿಡಿಯುತ್ತದೆ ಎಂದು ಬಾಗಿಲ ಮೇಲೆ ಬರೆದಿರುತ್ತದೆ. ಸ್ಕೋಪ್ ಹಾಕಿದ ರೈಫಲ್‌ಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ನೋಡಿದರೆ ಅದರ ಅರ್ಧ ಹಿಡಿದರೆ ಹೆಚ್ಚು. ಮೇಲಿನ ತಟ್ಟೆಗೆ ಪಾಸ್‌ಪೋರ್ಟು, ಚಿನ್ನ ಸೇರಿದರೆ ಇನ್ನೂ ಕಡಿಮೆ. ಸೇಫನ್ನು ನೆಲಕ್ಕೆ ಬೋಲ್ಟ್ ಹಾಕಬೇಕು, ಇಲ್ಲದಿದ್ದರೆ ಕಳ್ಳರು ಸೇಫನ್ನೇ ಹೊತ್ತೊಯ್ಯುತ್ತಾರೆ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಬೋಲ್ಟ್ ಹಾಕಲು ಬಿಡುವುದಿಲ್ಲ, ಭಾರದ ಸೇಫನ್ನು ಮೇಲಿನ ಮಹಡಿಗೆ ಏರಿಸುವುದೂ ಕಷ್ಟ. ಅಲ್ಲಿ ಸಣ್ಣ ಪಿಸ್ತೂಲ್ ಪೆಟ್ಟಿಗೆಯೇ ನಿಮ್ಮ ಮಿತಿ.

ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ. ಅಮೆರಿಕದಲ್ಲಿ ಗನ್ನಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಓದಿನ ಒತ್ತಡ, ಕಾಲೇಜಿನ ಚಿಂತೆ ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಹದಿಹರೆಯದ ಮಗ ಅಥವಾ ಮಗಳು ಮಂಕಾಗಿದ್ದಾರೆ ಅನ್ನಿಸಿದರೆ ಸಂಗ್ರಹದ ಸಂಖ್ಯೆ ಆ ದಿನವೇ ಸೊನ್ನೆಯಾಗಲಿ. ಹತ್ತಿರದ ಡೀಲರ್ ಅಥವಾ ಪೊಲೀಸ್ ಠಾಣೆಗೆ ಫೋನ್ ಮಾಡಿ, ಕೆಲವರು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತಾರೆ. ಸಹಾಯಕ್ಕೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988 ಎನ್ನುವ ನಂಬರ್ ಯಾವ ಹೊತ್ತಿನಲ್ಲೂ ಸಿಗುತ್ತದೆ. 2021ರಲ್ಲಿ ಮಿಶಿಗನ್‌ನ ಆಕ್ಸ್‌ಫರ್ಡ್‌ನಲ್ಲಿ 15 ವರ್ಷದ ಹುಡುಗ ಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. 2024ರಲ್ಲಿ ಅವನ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷದ ಶಿಕ್ಷೆಯಾಯಿತು. ಆ ಪಿಸ್ತೂಲನ್ನು ಅಪ್ಪ ಕೊಂಡಿದ್ದು ಕೆಲವೇ ದಿನಗಳ ಹಿಂದೆ.

ನಿಜವಾದ ಸಂಗ್ರಹದ ಆಸಕ್ತಿ ಇರುವವರೂ ನಮ್ಮಲ್ಲಿದ್ದಾರೆ. ಎರಡನೇ ಮಹಾಯುದ್ಧದ ರೈಫಲ್‌ಗಳು, ಹಳೆಯ ರಿವಾಲ್ವರ್‌ಗಳು. ಅವರಿಗೆ ಎಟಿಎಫ್ ಸಂಗ್ರಾಹಕರ ಲೈಸೆನ್ಸ್ ಕೊಡುತ್ತದೆ, ಮೂರು ವರ್ಷಕ್ಕೆ 30 ಡಾಲರ್. 50 ವರ್ಷಕ್ಕಿಂತ ಹಳೆಯ, ಮೂಲ ರೂಪದಲ್ಲೇ ಇರುವ ಗನ್‌ಗಳಿಗೆ ಅದು ಉಪಯೋಗ, ಪುಸ್ತಕದಲ್ಲಿ ಲೆಕ್ಕ ಬರೆದಿಡಬೇಕು. ಅದನ್ನಿಟ್ಟುಕೊಂಡು ವ್ಯಾಪಾರ ಮಾಡುವಂತಿಲ್ಲ. ಇವರಿಗೆ ಸಂಖ್ಯೆಗಿಂತ ವಿಷಯ ಮುಖ್ಯ. ಒಂದು ದೇಶ, ಒಂದು ಕಾಲ, ಒಂದು ಕಾರ್ಖಾನೆ ಎಂದು ಗೆರೆ ಹಾಕಿಕೊಂಡರೆ ಸಂಗ್ರಹ ಎಲ್ಲೆಂದರಲ್ಲಿ ಹರಡುವುದಿಲ್ಲ.

ಎಷ್ಟೇ ಇರಲಿ, ಒಂದು ಪಟ್ಟಿ ಬೇಕು. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ದಿನ, ರಸೀದಿ, ಫೋಟೋ. ಕಳ್ಳತನವಾದರೆ ಪೊಲೀಸರು ಮೊದಲು ಕೇಳುವುದು ಸೀರಿಯಲ್ ನಂಬರ್. ಮನೆಯ ವಿಮೆಯಲ್ಲಿ ಗನ್ ಕಳ್ಳತನಕ್ಕೆ ಸಾಮಾನ್ಯವಾಗಿ 2,500 ಡಾಲರ್ ಆಸುಪಾಸಿನ ಮಿತಿ ಇರುತ್ತದೆ. ಅದನ್ನು ದಾಟಿದರೆ ಪ್ರತ್ಯೇಕ ವಿಮೆ ಮಾಡಿಸಿ.

ಭಾರತಕ್ಕೆ ಕಾಯಂ ಮರಳುವ ಯೋಚನೆ ಇದ್ದರೆ ಆರು ತಿಂಗಳು ಮುಂಚೆಯೇ ಮಾರಲು ಶುರು ಮಾಡಿ. ಲೈಸೆನ್ಸ್ ಇರುವ ಡೀಲರ್ ಮೂಲಕ ಮಾರುವುದೇ ನೆಮ್ಮದಿ. ಬೆಲೆ ಸ್ವಲ್ಪ ಕಡಿಮೆ ಸಿಗಬಹುದು, ಆದರೆ ಗನ್ ನಿಮ್ಮ ಕೈಬಿಟ್ಟಿದ್ದಕ್ಕೆ ದಾಖಲೆ ಇರುತ್ತದೆ. ಬೇರೆ ರಾಜ್ಯದ ಗೆಳೆಯರಿಗೆ ಕೊಡುವುದಾದರೆ ಡೀಲರ್ ಮೂಲಕವೇ ಹೋಗಬೇಕು, ನೇರ ಕೈಗೆ ಕೊಡುವಂತಿಲ್ಲ. 'ಸದ್ಯಕ್ಕೆ ನಿನ್ನ ಮನೆಯಲ್ಲಿಟ್ಟಿರು' ಎಂದು ಎಚ್-1ಬಿ ಗೆಳೆಯನ ಗ್ಯಾರೇಜಿನಲ್ಲಂತೂ ಬಿಟ್ಟು ಹೋಗಬೇಡಿ.