ಟಿ-55 ಟ್ಯಾಂಕ್ ಮಾದರಿಯ ಟರೆಟ್‌ಗೆ ಎರಕದ ಒರಟು ತಂದಿದ್ದು ಹೀಗೆ

"ಮಡಿಕೇರಿ ಮಳೇಲಿ ಸರ್ಫೇಸರ್ ಒಣಗುತ್ತಾ? ಸುಮ್ನೆ ರೆಸಿನ್ ಟರೆಟ್ ತರಿಸ್ಕೊಳೋ ಗುರು" ಅಂದಿದ್ದ ಬೆಂಗಳೂರಿನ ಗೆಳೆಯ. ನಾನು ಮಾಡುತ್ತಿದ್ದದ್ದು 1/35 ಅಳತೆಯ ಪ್ಲಾಸ್ಟಿಕ್ ಟಿ-55 ಟ್ಯಾಂಕ್. ಟರೆಟ್ ಅಂದರೆ ತೋಪು ಕೂರುವ, ತಿರುಗುವ ಮೇಲ್ಭಾಗ. ಸರ್ಫೇಸರ್ ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಗಟ್ಟಿ ಪ್ರೈಮರ್. ರೆಸಿನ್ ಟರೆಟ್ ಅಂದರೆ ಒರಟು ಸಮೇತ ರೆಡಿಯಾಗಿ ಸಿಗುವ ಬಿಡಿಭಾಗ. ನಾನು ಕೇಳಲಿಲ್ಲ. ಮೂರನೇ ಟರೆಟ್‌ಗೆ ಕೆಲಸ ಕೂಡಿಬಂತು.

ನೋಡಿ ಮಾಡೋಕೆ ಅಸಲಿ ಟ್ಯಾಂಕೇ ನಮ್ಮೂರಲ್ಲಿದೆ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಲ್ಲಿ ಮ್ಯೂಸಿಯಂ ಆಯ್ತಲ್ಲ, ಅಲ್ಲಿ ಟಿ-55 ನಿಂತಿದೆ. ನಾಲ್ಕೈದು ಸಲ ಹೋಗಿದ್ದೇನೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಬೇಕು. ಎಷ್ಟು ಬಣ್ಣ ಬಳಿದಿದ್ದರೂ ಎರಕದ ಉಬ್ಬುತಗ್ಗು ಎದ್ದು ಕಾಣುತ್ತದೆ. ಟರೆಟ್‌ನ ಸುತ್ತು ಮಾತ್ರ ಎರಕ. ನೆತ್ತಿ ಅಲ್ಲ, ಅದು ಎರಡು ಅರ್ಧಚಂದ್ರದ ಪ್ಲೇಟ್ ಸೇರಿಸಿ ವೆಲ್ಡ್ ಮಾಡಿದ್ದು. ಹಲ್, ಅಂದರೆ ಟ್ಯಾಂಕಿನ ಕೆಳಗಿನ ಒಡಲು ಕೂಡ ರೋಲ್ ಮಾಡಿದ ಪ್ಲೇಟೇ. ನಾವು ನೆತ್ತಿಗೂ ಸೇರಿಸಿ ಎಲ್ಲ ಕಡೆ ಒರಟು ಹಚ್ಚಿಬಿಡುತ್ತೇವೆ, ಅಲ್ವಾ? ನಯವಾದ ಜಾಗ ಪಕ್ಕದಲ್ಲಿ ಇದ್ದರೇನೇ ಎರಕ ಎರಕದ ಹಾಗೆ ಕಾಣೋದು.

ಮೊದಲನೆಯದು ಹಳೇ ಕಿಟ್‌ನಿಂದ ಉಳಿದಿದ್ದ ಟರೆಟ್. ಸೂಪರ್ ಗ್ಲೂ ಮೇಲೆ ಅಡಿಗೆ ಸೋಡಾ ಉದುರಿಸಿದೆ. ಹಲಸಿನಕಾಯಿ ಸಿಪ್ಪೆಯಂತಾಯ್ತು. ಆಮೇಲೆ ಲೆಕ್ಕ ಹಾಕಿದೆ. ಅಸಲಿ ಟ್ಯಾಂಕಿನ 2 ಮಿ.ಮೀ. ಉಬ್ಬು 1/35ರಲ್ಲಿ ಬರೀ 0.06 ಮಿ.ಮೀ., ಒಂದು ತಲೆಕೂದಲಿನ ದಪ್ಪ. ಗಂಟು ಕಟ್ಟಿದ ಸೋಡಾ ಎಲ್ಲಿ, ಅದೆಲ್ಲಿ!

ಎರಡನೆಯದಕ್ಕೆ ದಾರಿ ಸರಿಯಾಗಿತ್ತು, ಒಣಗಿಸೋದರಲ್ಲಿ ಕೆಟ್ಟಿತು. ಜುಲೈ ತಿಂಗಳು. ಮಿಸ್ಟರ್ ಸರ್ಫೇಸರ್ 500 ಎರಡು ದಿನವಾದರೂ ಒಳಗೆ ಮೆತ್ತಗೇ ಇತ್ತು. ತಡೆಯಲಾರದೆ ಒಲೆ ಮೇಲಿನ ಅಟ್ಟದಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಟರೆಟ್ ಬುಡ ಸೊಟ್ಟಗಾಗಿ ಹಲ್ ಮೇಲೆ ಕೂರಲೇ ಇಲ್ಲ. ಕಿಟ್‌ನ ಪ್ಲಾಸ್ಟಿಕ್ ಟರೆಟ್ ಬಿಡಿಯಾಗಿ ಸಿಗಲಿಲ್ಲ. ಇಡೀ ಕಿಟ್ ಮತ್ತೆ ತರಿಸಿದೆ, 3,200 ರೂಪಾಯಿ ಇರಬೇಕು. ತುಂಬಾ ಹೊಟ್ಟೆ ಉರೀತು.

ಮೂರನೆಯದಕ್ಕೆ ರಟ್ಟಿನ ಡಬ್ಬ, 40 ವ್ಯಾಟ್ ಬಲ್ಬ್, ಒಂದು ಹಿಡಿ ಸಿಲಿಕಾ ಜೆಲ್. ಎಲ್ಲ ಸೇರಿ 150 ರೂಪಾಯಿ ದಾಟಿಲ್ಲ. ಬಲ್ಬ್‌ನಿಂದ ಒಂದು ಗೇಣು ದೂರ ಇಡಬೇಕು. ಕೈ ಇಟ್ಟರೆ ಬೆಚ್ಚಗಿರಬೇಕು, ಬಿಸಿ ಅಲ್ಲ. ತಿನ್ನರ್ ವಾಸನೆ ಪೂರ್ತಿ ಹೋದ ಮೇಲೇ ಬಲ್ಬ್ ಹಾಕಿ, ಡಬ್ಬದ ಹತ್ತಿರವೇ ಇರಿ.

ಕೆಲಸ ಹೀಗೆ. ತಮಿಯಾ ಎಕ್ಸ್‌ಟ್ರಾ ಥಿನ್ ಅನ್ನೋ ಪ್ಲಾಸ್ಟಿಕ್ ಕರಗಿಸುವ ತೆಳು ಅಂಟನ್ನು ಎರಡು ಬೆರಳಗಲದ ಜಾಗಕ್ಕೆ ಧಾರಾಳವಾಗಿ ಹಚ್ಚಿ. ಅರ್ಧ ನಿಮಿಷ ಬಿಡಿ. ಪ್ಲಾಸ್ಟಿಕ್ ಮೆತ್ತಗಾದಾಗ ಕೂದಲು ಗಿಡ್ಡಕ್ಕೆ ಕತ್ತರಿಸಿದ ಹಳೇ ಬ್ರಷ್‌ನಿಂದ ನೆಟ್ಟಗೆ ಕುಟ್ಟಿ. ಒಂದು ರಾತ್ರಿ ಒಣಗಲಿ. ಮಾರನೇ ದಿನ ಸರ್ಫೇಸರ್ ಅನ್ನು ಅಲ್ಲಲ್ಲಿ ಮಾತ್ರ ಕುಟ್ಟಿ, ಎಲ್ಲ ಕಡೆ ಒಂದೇ ಸಮ ಬೇಡ. ಒಣಗಿದ ಮೇಲೆ 800ರ ಸ್ಯಾಂಡ್‌ಪೇಪರ್‌ನಿಂದ ತುದಿಗಳನ್ನಷ್ಟೇ ಸವರಿ. ಸರ್ಫೇಸರ್‌ಗೆ ನಾನು ಇನ್ನೊಂದು ಪುಡಿ ಬೆರೆಸುತ್ತೇನೆ, ಅದನ್ನು ಸದ್ಯಕ್ಕೆ ಹೇಳಲ್ಲ. ಇಲ್ಲದೆಯೂ ಚೆನ್ನಾಗೇ ಬರುತ್ತದೆ.

ಅಸಲಿ ಎರಕದ ಮೇಲೆ ಉಬ್ಬಿರುವ ನಂಬರ್‌ ತೋರಿಸೋಕೆ ದುಡ್ಡು ಹಾಕಬೇಡಿ. ಸ್ಪ್ರೂ, ಅಂದರೆ ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನ ಮೇಲಿನ ಉಬ್ಬು ಅಂಕಿಗಳನ್ನು ಬ್ಲೇಡಿನಿಂದ ಕೆತ್ತಿ ಅಂಟಿಸಿದೆ. ನೆತ್ತಿಯ ವೆಲ್ಡ್‌ಗೆ ಕಾಯಿಸಿ ಎಳೆದ ಸ್ಪ್ರೂ, ಅದೇ ತಮಿಯಾ ಅಂಟಿನಲ್ಲಿ ನೆನೆಸಿ ಚಾಕುವಿನ ಅಂಚಿನಿಂದ ಒತ್ತುತ್ತಾ ಹೋಗೋದು. ಬಣ್ಣ ಆದ ಮೇಲೆ ನೆತ್ತಿಯ ಮುಚ್ಚಳದ (ಹ್ಯಾಚ್) ಅಂಚಿಗೆ 6ಬಿ ಪೆನ್ಸಿಲ್ ಪುಡಿ ಬೆರಳಿನಿಂದ ಉಜ್ಜಿದೆ. ಕೈ ಸವೆಸಿದ ಕಬ್ಬಿಣದ ಹೊಳಪೇ ಬಂತು.

ಫೋಟೋ ನೋಡಿ ಗೆಳೆಯ ಕೇಳಿದ್ದು ಒಂದೇ: "ಯಾವ ಕಂಪನಿ ರೆಸಿನ್?"

ಎಕ್ಸಾಸ್ಟ್ ತುಕ್ಕಿಗೆ ನಮ್ಮ ತೋಟದ ರೊಬಸ್ಟಾ ಪುಡಿ ಹಚ್ಚಿ ನೋಡಿದೆ. ಬಣ್ಣ ಬಹಳ ಚೆನ್ನಾಗಿ ಬಂತು, ಆಗಸ್ಟ್‌ನಲ್ಲಿ ಬೂಷ್ಟು ಹಿಡಿಯಿತು. ಈಗ ಅಂಗಳದ ಕೆಂಪು ಮಣ್ಣನ್ನೇ ಬಾಣಲೆಯಲ್ಲಿ ಹುರಿದು, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಹಚ್ಚುತ್ತಿದ್ದೇನೆ. ಒಂದು ಮಳೆಗಾಲ ದಾಟಿದೆ, ಇನ್ನೂ ಹಾಗೇ ಇದೆ.