ದೇಣಿಗೆ ಸಂಗ್ರಹಕ್ಕೆ ಹೊರಡುವ ಮುನ್ನ ಖಜಾಂಚಿಗಳಿಗೊಂದು ಸಲಹೆ

ಗದಗ ಭಾಗದ ರೋಟರಿ, ಲಯನ್ಸ್ ಮೊದಲಾದ ಸೇವಾ ಕ್ಲಬ್ಬುಗಳಲ್ಲಿ ಈ ವರ್ಷ ಖಜಾಂಚಿಯ ಹೊಣೆ ಹೊತ್ತವರು ಸದಸ್ಯತ್ವ ಶುಲ್ಕವನ್ನೂ ವಾರದ ಸಭೆಯ ಚಹಾ, ಉಪಾಹಾರದ ಹಣವನ್ನೂ ಒಂದು ಬ್ಯಾಂಕ್ ಖಾತೆಯಲ್ಲಿ, ನೇತ್ರ ತಪಾಸಣಾ ಶಿಬಿರದಂಥ ಕೆಲಸಕ್ಕೆಂದು ಸಾರ್ವಜನಿಕರು ಕೊಟ್ಟದ್ದನ್ನು ಇನ್ನೊಂದು ಖಾತೆಯಲ್ಲಿ ಇರಿಸುವುದು ಒಳ್ಳೆಯದು. ಸಾರ್ವಜನಿಕರಿಂದ ಬಂದ ಹಣ ಸಾರ್ವಜನಿಕ ಕಾರ್ಯಕ್ಕೇ ವೆಚ್ಚವಾಗಬೇಕೆಂಬುದು ಲಯನ್ಸ್ ಸಂಸ್ಥೆಯ ನಿಯಮವೂ ಹೌದು.

ನನ್ನ ಅನುಭವದಲ್ಲಿ ಗೊಂದಲ ಹುಟ್ಟುವುದು ಪಾವತಿ (ರಸೀದಿ) ಪುಸ್ತಕಗಳಿಂದಲೇ. ಮುದ್ರಣಕ್ಕೆ ಹೆಸರಾದ ನಮ್ಮ ಊರಿನಲ್ಲಿ ಕ್ರಮಸಂಖ್ಯೆಯುಳ್ಳ ಪುಸ್ತಕಗಳನ್ನು ಮಾಡಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಯಾವ ಸದಸ್ಯರ ಕೈಯಲ್ಲಿ ಯಾವ ಸಂಖ್ಯೆಯ ಪುಸ್ತಕವಿದೆ ಎಂಬುದನ್ನು ಬರೆದಿಟ್ಟು, ಒಂದು ಹಾಳೆಯೂ ಬಳಕೆಯಾಗದಿದ್ದರೂ ಪ್ರತಿ ವಾರದ ಸಭೆಯಲ್ಲಿ ಅವನ್ನು ತರಿಸಿ ನೋಡಬೇಕು. ಆ ವಾರದ ಜಮೆ, ಖರ್ಚನ್ನು ಅತಿಥಿಗಳ ಉಪನ್ಯಾಸಕ್ಕೆ ಮೊದಲೇ ಎರಡು ನಿಮಿಷದಲ್ಲಿ ಓದಿಬಿಡಿ, ಏಕೆಂದರೆ ಉಪನ್ಯಾಸ ಮುಗಿಯುವಷ್ಟರಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿರುತ್ತವೆ.

ತೆರಿಗೆ ರಿಯಾಯಿತಿಯ ಮಾತು ಕೊಡುವಾಗ ಎಚ್ಚರವಿರಲಿ. ಹಣ ಪಡೆಯುವ ಟ್ರಸ್ಟ್‌ಗೆ ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ, 80ಜಿ ಎಂದು ಕರೆಯುವ ಮಾನ್ಯತೆ ಇರಬೇಕು, 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ಅದು ಸಿಗದು. ರಿಯಾಯಿತಿ ಬಯಸುವ ದಾನಿಗಳ ಪ್ಯಾನ್ ಸಂಖ್ಯೆಯನ್ನು ಪಾವತಿ ಹರಿಯುವಾಗಲೇ ಬರೆದುಕೊಳ್ಳಿ. ವರ್ಷದ ಕೊನೆಯಲ್ಲಿ ಅದಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವುದು ದಾನ ಕೇಳುವುದಕ್ಕಿಂತಲೂ ಮುಜುಗರದ ಕೆಲಸ.