ಬಿಸಿನೀರಿನ ಟ್ಯಾಂಕಿಗೆ ಯಾವ ರಬ್ಬರ್ ವೈರು? ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಇಲ್ಲಿನ ಹಳೆಯ ಮನೆಗಳಲ್ಲಿ ಗೀಸರ್ ಬಚ್ಚಲ ಗೋಡೆಯ ಮೇಲಿರುವುದಿಲ್ಲ. ಬಟ್ಟೆ ಇಡುವ ಕಪಾಟಿನೊಳಗೆ ಸಿಲಿಂಡರ್ ಎಂಬ ತಾಮ್ರದ ನೀರಿನ ಟ್ಯಾಂಕು, ಅದರಲ್ಲಿ 3 ಕಿಲೋವ್ಯಾಟ್ ಇಮ್ಮರ್ಷನ್ ಹೀಟರ್. ಅದರ ವೈರು ಹೋದಾಗ ನಮ್ಮವರು ಊರಿನ ಅಭ್ಯಾಸದಲ್ಲೇ "ಒಂದೂವರೆ ಸ್ಕ್ವೇರ್ ಎಂಎಂ, ಮೂರು ಕೋರ್" (ಒಳಗೆ ಮೂರು ತಂತಿ) ಎಂದು ಕೇಳಿ ತರುತ್ತಾರೆ. ದಪ್ಪವೇನೋ ಸರಿ, ಆದರೆ ಎಷ್ಟು ಶಾಖ ತಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈ ಹೀಟರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ರಬ್ಬರ್ ವೈರಿನ ತಾಮ್ರ 60 ಡಿಗ್ರಿ ದಾಟಬಾರದು. ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ಅದು 16 ಆಂಪಿಯರ್ ತಡೆಯುತ್ತದೆ. ಟ್ಯಾಂಕಿನ ಪಕ್ಕದಲ್ಲಿ 50 ಡಿಗ್ರಿಯಾದರೆ ಸುಮಾರು 9 ಮಾತ್ರ. ಮೊದಲ ದಿನ ಏನೂ ಆಗುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ರಬ್ಬರ್ ಕರಗದೆ ಮೆಲ್ಲಗೆ ಗಟ್ಟಿಯಾಗಿ, ಬಗ್ಗಿಸಿದರೆ ಬಿರಿಯುತ್ತದೆ.

ವೈರಿನ ಮೇಲಿನ ಬರಹ ಓದಿ. ಎಚ್05ಆರ್‌ಆರ್-ಎಫ್ ಸಾಮಾನ್ಯ ರಬ್ಬರ್. ಎಚ್05ಬಿಬಿ-ಎಫ್ 90 ಡಿಗ್ರಿ ತಡೆಯುವುದು. ಟ್ಯಾಂಕಿಗೆ ಬೇಕಾದದ್ದು ಇದೇ. ಅಂಗಡಿಯಲ್ಲಿ "ಹೀಟ್ ರೆಸಿಸ್ಟೆಂಟ್ ಫ್ಲೆಕ್ಸ್" ಎಂದು ಕೇಳಿ.

ಹಾಗೆಂದು ಎಲ್ಲದಕ್ಕೂ ಇದನ್ನೇ ಹಾಕಬೇಡಿ, ಈ ರಬ್ಬರಿಗೆ ಎಣ್ಣೆ ಆಗುವುದಿಲ್ಲ. ಗ್ಯಾರೇಜಿನಲ್ಲಿ ಗ್ರೈಂಡರ್ ಓಡಿಸಲು ಎಕ್ಸ್‌ಟೆನ್ಷನ್ ಮಾಡುವುದಾದರೆ ನೀರು, ಎಣ್ಣೆ, ಎಳೆದಾಟ ತಾಳುವ ಎಚ್07ಆರ್‌ಎನ್-ಎಫ್ ಒಳ್ಳೆಯದು.

ಬಾಡಿಗೆ ಮನೆಯಾದರೆ ಓನರಿಗೆ ಬರೆದು ತಿಳಿಸಿ, ಅವರ ಎಲೆಕ್ಟ್ರಿಷಿಯನ್ ಬರಲಿ.

ಜೋಡಿಸುವ ಮೊದಲು ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಎರಡು ಸಲ ನೋಡಿ. ಊರಿನ ಕೆಂಪು, ಕಪ್ಪು, ಹಸಿರು ಮರೆತುಬಿಡಿ: ಇಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಉದ್ದ ಬಿಡಿ. ವೈರು ಜಗ್ಗಿದರೆ ಅದು ಕೊನೆಗೆ ಬಿಚ್ಚಬೇಕು. ತುದಿಗೆ ಬೆಸುಗೆ ಹಾಕಬೇಡಿ. ಸ್ಕ್ರೂ ಒತ್ತಡಕ್ಕೆ ಸೀಸ ಕುಸಿದು ಹಿಡಿತ ಸಡಿಲವಾಗುತ್ತದೆ, ಸಡಿಲವಾದಲ್ಲೇ ಸುಡುತ್ತದೆ. 15 ಲೀಟರಿಗಿಂತ ದೊಡ್ಡ ಟ್ಯಾಂಕಿಗೆ ಪ್ಲಗ್ ಸಲ್ಲದು; ಪ್ರತ್ಯೇಕ ಸರ್ಕ್ಯೂಟು, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 20 ಆಂಪಿಯರ್ ಡಬಲ್ ಪೋಲ್ ಸ್ವಿಚ್ ಇರಲಿ.

ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ಕಾಯಿಸಿದವರಿಗೆ ಬೆಂಕಿ ಕಣ್ಣೆದುರೇ ಇತ್ತು. ಇಲ್ಲಿ ಬೆಳೆಯುವ ಮಕ್ಕಳಿಗೆ ಬಿಸಿನೀರೆಂದರೆ ನಲ್ಲಿಯಷ್ಟೇ. ಒಮ್ಮೆ ಆ ಕಪಾಟಿನ ಬಾಗಿಲು ತೆಗೆದು ತೋರಿಸಿ, ಟವೆಲ್ಲುಗಳನ್ನು ವೈರಿನ ಮೇಲೆ ಒಟ್ಟಬಾರದೆಂದು ಹೇಳಿಕೊಡಿ.